ಸುಮ್ನೆ ಎಂಬ ಫೈಲು

ಒಂದು ಫೈಲಿಗೆ ‘ಸುಮ್ನೆ’ ಎಂದು ಹೆಸರಿಡಬಹುದೇ, ಇಡಬಾರದೇ ಎಂಬ ಪ್ರಶ್ನೆ ರಾಜ್ಯಗಳ ಏಳುಬೀಳಿಗಿಂತ, ಗ್ರಹಣದ ಫಲಾಫಲಕ್ಕಿಂತ, ಮದುವೆಯ ಊಟಕ್ಕೆ ಎರಡು ಸಿಹಿಯೋ ಮೂರೋ ಎಂಬ ಬೀಗರ ಚರ್ಚೆಗಿಂತಲೂ ಘನವಾದದ್ದು. ತಮಾಷೆಗೆ ಹೇಳುತ್ತಿಲ್ಲ. ಈ ಪ್ರಶ್ನೆಯ ಸುತ್ತ ನಮ್ಮ ಕಚೇರಿಯಲ್ಲಿ ಹನ್ನೊಂದು ದಿನಗಳೊಳಗೆ ನಾಲ್ಕು ಸಭೆ, ಎರಡು ಸುತ್ತೋಲೆ, ಒಂದು ಕಾರಣ ಕೇಳುವ ನೋಟಿಸು ಆದವು. ನಾಲ್ಕೂ ಸಭೆಗಳಲ್ಲಿ ಅವಲಕ್ಕಿ ಸರಬರಾಜಾಯಿತು ಎಂದರೆ ವಿಷಯದ ಗಾಂಭೀರ್ಯ ಯಾರಿಗಾದರೂ ತಿಳಿಯಬೇಕು.

ನಮ್ಮ ಊರಿಗೆ ನಕ್ಷೆ ಇಲ್ಲ, ನಕ್ಷೆಗಳಿವೆ. ರಸ್ತೆ ಕಚೇರಿಯ ಕಂಪ್ಯೂಟರಿನಲ್ಲಿ ‘ಚಾಲ್ತಿ’ ಎಂಬುದೊಂದು ಫೋಲ್ಡರು. ಅದರೊಳಗೆ ಯಾವ ಗೆರೆ ಇದೆಯೋ ಊರಿನ ನೆಲದ ಮೇಲೆ ಅದೇ ರಸ್ತೆ. ಗೆರೆ ಬದಲಾದರೆ ರಸ್ತೆಯೂ ಬದಲಾಗುತ್ತದೆ, ಅದೂ ಮಧ್ಯಾಹ್ನ ಸರಿಯಾಗಿ ಒಂದೂವರೆಗೆ, ಊಟದ ಬಿಡುವಿನಲ್ಲಿ. ರಸ್ತೆಯೂ ಒಂದು ಲೆಕ್ಕಕ್ಕೆ ಸರ್ಕಾರಿ ನೌಕರಿಯಲ್ಲಿರುವುದೇ ತಾನೇ. ಸ್ವಂತದ ಓಡಾಟವನ್ನೆಲ್ಲ ಬಿಡುವಿನಲ್ಲಿ ಮುಗಿಸಿಕೊಳ್ಳುತ್ತದೆ. ಒಂದು ಇಪ್ಪತ್ತಕ್ಕೆ ಸೈರನ್ ಕೂಗುತ್ತದೆ. ಗೆರೆಯ ಆಸುಪಾಸಿನವರು ಹೊರಗೆ ಬಂದು ಬೇವಿನ ಮರದ ಕೆಳಗೆ ಕುಳಿತು ಬುತ್ತಿ ಬಿಚ್ಚುತ್ತಾರೆ. ಗೆರೆಯೊಳಗೆ ಬಿದ್ದ ಗೋಡೆ, ಕಟ್ಟೆ, ಚಪ್ಪರ ಎಲ್ಲವೂ ರಸ್ತೆಯಾಗುತ್ತವೆ. ಎರಡೂವರೆಗೆ ಡಾಂಬರು ಆರಿರುತ್ತದೆ, ಬಸ್ಸು ಓಡುತ್ತದೆ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಎರಡು ಅಂಗಡಿ ಕಳೆದುಕೊಂಡ ದರ್ಜಿ ಹೊಲಿಗೆ ಯಂತ್ರಕ್ಕೆ ಗಾಲಿ ಹಾಕಿಸಿಕೊಂಡ. ಮದುವೆಯ ಕರೆಯೋಲೆಗಳಲ್ಲಿ ‘ದಾರಿ: ಅಂದಿನ ಫೈಲಿನಂತೆ’ ಎಂದು ಅಚ್ಚಾಗುತ್ತದೆ. ಅಂಚೆಯವನು ದಿನಾ ಎರಡೂಮುಕ್ಕಾಲಿಗೆ ನಮ್ಮ ಕಿಟಕಿಗೆ ಬಂದು ‘ಇವತ್ತೇನರ ಐತೇನ್ರಿ?’ ಎಂದು ಕೇಳಿಯೇ ಮುಂದೆ ಹೋಗುತ್ತಾನೆ. ವಾಸ್ತು ಹೇಳುವವರು ಇಬ್ಬರಿದ್ದರು. ಒಬ್ಬರು ಊರು ಬಿಟ್ಟರು, ಇನ್ನೊಬ್ಬರು ಶ್ರೀಮಂತರಾದರು. ಕುಡಿದವರು ಮಾತ್ರ ಮೊದಲಿನಂತೆಯೇ ಮನೆ ಮುಟ್ಟುತ್ತಾರೆ. ಒಂದು ಸಲ ನೆಲದ ಮಟ್ಟ ಬರೆದಿಟ್ಟಿದ್ದ ಫೈಲು ಕಳೆದುಹೋಗಿ ಕಂಪ್ಯೂಟರು ಎಲ್ಲ ರಸ್ತೆಗಳ ಮಟ್ಟವನ್ನೂ ಸೊನ್ನೆ ಎಂದು ಹಿಡಿಯಿತು. ನಮ್ಮ ಊರು ಸಮುದ್ರಮಟ್ಟದಿಂದ ಆರುನೂರ ಚಿಲ್ಲರೆ ಮೀಟರು ಮೇಲಿದೆ. ಆ ಮಧ್ಯಾಹ್ನದ ವಿವರಕ್ಕೆ ಹೋಗುವುದಿಲ್ಲ. ಮರುದಿನ ಸರಿಹೋಯಿತು. ಅಂದಿನಿಂದ ನಮ್ಮೂರಿನವರು ರಸ್ತೆ ದಾಟುವಾಗ ಎಡಕ್ಕೆ, ಬಲಕ್ಕೆ ಮತ್ತು ಕೆಳಕ್ಕೆ ನೋಡುತ್ತಾರೆ.

ಈ ಗೆರೆಗಳನ್ನು ಇಪ್ಪತ್ತೆಂಟು ವರ್ಷಗಳಿಂದ ಎಳೆಯುತ್ತ ಬಂದವರು ಡ್ರಾಫ್ಟ್ಸ್‌ಮನ್ ಹುಸೇನಸಾಬ್ ನದಾಫ್. ಮೊದಲು ಟ್ರೇಸಿಂಗ್ ಹಾಳೆಯ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ. ಫೈಲುಗಳಿಗೆ ಅವರಿಡುತ್ತಿದ್ದ ಹೆಸರುಗಳು ಹೀಗಿದ್ದವು: ‘ಅಂತಿಮ’, ‘ಅಂತಿಮ ಹೊಸದು’, ‘ಖರೇನ ಅಂತಿಮ’, ‘ಸಾಹೇಬ್ರು ಹೇಳಿದ್ದು’, ‘ಸಾಹೇಬ್ರು ಬ್ಯಾಡಂದಿದ್ದು’, ‘ಹಬ್ಬ ಆದಮ್ಯಾಲೆ ನೋಡೋದು’. ನಾನು, ಹೊಂಬಳ, ಅದೇ ಕಚೇರಿಯ ದಾಖಲೆ ಗುಮಾಸ್ತ. ಯಾವ ಫೈಲು ಎಲ್ಲಿದೆ ಎಂದು ತಿಳಿದಿರುವುದು ನನ್ನ ಕೆಲಸ. ಅಂದರೆ ನದಾಫರನ್ನು ಕೇಳುವುದು. ಹತ್ತೊಂಬತ್ತು ವರ್ಷ ಈ ವ್ಯವಸ್ಥೆಯಲ್ಲಿ ಒಂದು ಕೊರತೆಯೂ ಕಾಣಲಿಲ್ಲ.

ಕೊರತೆ ಕಂಡವರು ಹೊಸದಾಗಿ ಬಂದ ಕಾರ್ಯಪಾಲಕ ಇಂಜಿನಿಯರ್ ಇಂದೂಧರ ಸಾಲಿಮಠ. ಕೆಟ್ಟ ಮನುಷ್ಯರಲ್ಲ. ಯಾರ ಮೇಲೂ ದನಿಯೇರಿಸಿದವರಲ್ಲ. ತಮ್ಮ ಊಟದ ಡಬ್ಬಿಯ ಮೂರು ಖಾನೆಗಳ ಮೇಲೂ ಚಪಾತಿ, ಪಲ್ಯ, ಮೊಸರನ್ನ ಎಂದು ಚೀಟಿ ಅಂಟಿಸಿಕೊಂಡಿದ್ದರು, ಅಷ್ಟೇ. ಮುಚ್ಚಳ ತೆಗೆದರೆ ತಿಳಿಯದ ಗುಟ್ಟೇನೂ ಅಲ್ಲದಿದ್ದರೂ ಮುಚ್ಚಳ ತೆಗೆಯುವ ತನಕ ಅನಿಶ್ಚಯದಲ್ಲಿರುವುದು ಅವರಿಗೆ ಒಗ್ಗುತ್ತಿರಲಿಲ್ಲ. ಬಂದ ಮೂರನೆಯ ದಿನ ಸುತ್ತೋಲೆ ಹೊರಟಿತು. ಪ್ರತಿ ಫೈಲಿನ ಹೆಸರೂ ಆರು ಭಾಗಗಳಲ್ಲಿರಬೇಕು: ರಸ್ತೆಯ ಸಂಖ್ಯೆ, ಎಲ್ಲಿಂದ ಎಲ್ಲಿಗೆ, ಒಳಗೇನಿದೆ, ಉದ್ದೇಶ, ಯಾರ ಆದೇಶ, ತಾರೀಖು. ಹಾಗಿಲ್ಲದವು ಮುಂದಿನ ಶುಕ್ರವಾರ ಒಂದೂವರೆಯೊಳಗೆ ‘ಕಸ’ ಎಂಬ ಫೋಲ್ಡರಿಗೆ ಹೋಗತಕ್ಕದ್ದು. ಅಂದು ಜಿಲ್ಲೆಯಿಂದ ಸೂಪರಿಂಟೆಂಡಿಂಗ್ ಇಂಜಿನಿಯರ್ ಸಾಹೇಬರು ಬಂದು ನಮ್ಮದನ್ನು ಮಾದರಿ ಕಚೇರಿಯೆಂದು ಘೋಷಿಸುವವರಿದ್ದರು.

ಪಟ್ಟಿಯ ನೂರ ಎಂಟನೆಯ ಸಾಲಿನಲ್ಲಿ ಸಾಲಿಮಠರ ಬೆರಳು ನಿಂತಿತು.

“ನದಾಫ್, ಇದೇನು ‘ಸುಮ್ನೆ’?”

“ಸುಮ್ನೆ ರಿ ಸರ.”

“ಯಾತಕ್ಕೆ ಮಾಡಿದ್ದು?”

“ಯಾತಕ್ಕೂ ಅಲ್ರಿ. ಕುಂಬಾರ ಓಣಿ ತಿರುವು ಐತ್ರಿ ಅದರಾಗ.”

“ಯಾರ ಆದೇಶ?”

ನದಾಫರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಅವರು ನಿಜ ಹೇಳುವ ಮೊದಲು ಹೀಗೆ ಮಾಡುತ್ತಾರೆಂದು ನನಗೆ ಗೊತ್ತಿತ್ತು. ಆದರೆ ತಡೆಯಲು ಸಮಯ ಸಾಲಲಿಲ್ಲ.

“ಆದೇಶ ಅಂತ ಏನಿಲ್ರಿ. ಹನ್ನೊಂದು ವರ್ಷದ ಹಿಂದ ಆಗಿನ ಸಾಹೇಬ್ರು ರಸ್ತಾ ನೆಟ್ಟಗ ಎಳಿ ಅಂದ್ರು. ಎಳದೆ. ಗುರುಬಸವ್ವನ ಹಿಟ್ಟಿನ ಗಿರಣಿ ನಟ್ಟನಡುವ ಬಂತು. ಅವತ್ತ ನಾ ಅಲ್ಲೇ ಜ್ವಾಳ ಇಟ್ಟು ಬಂದಿದ್ದೆ ಸರ, ಬೀಸಾಕ. ಪಾಳಿ ಬಂದಿದ್ದಿಲ್ಲ. ಹಿಟ್ಟು ಕೈಗೆ ಬರೂತನ ಇರ್ಲಿ ಅಂತ ಸ್ವಲ್ಪ ಸೊಟ್ಟ ಮಾಡಿದೆ.”

“ಹಿಟ್ಟು ಬಂತೋ?”

“ಸಂಜೀಕ ಬಂತ್ರಿ.”

“ಮತ್ತೆ ಆಮೇಲೆ ಯಾಕೆ ನೆಟ್ಟಗೆ ಮಾಡಲಿಲ್ಲ?”

“ಮುಂದಿನ ವಾರ ಮತ್ತ ಜ್ವಾಳ ಇತ್ತಲ್ರಿ ಸರ.”

ಇಲಾಖೆಯ ಇತಿಹಾಸದಲ್ಲಿ ಒಬ್ಬ ನೌಕರ ಒಂದು ರಸ್ತೆಯ ತಿರುವಿಗೆ ನಿಜವಾದ ಕಾರಣ ಹೇಳಿದ ಪ್ರಸಂಗ ಬಹುಶಃ ಇದೊಂದೇ. ಆದ್ದರಿಂದ ಅದಕ್ಕೆ ನೋಟಿಸು ಬಂತು. ‘ಸುಮ್ನೆ’ಯ ಮುಂದೆ ಸಾಲಿಮಠರು ಕೆಂಪು ಶಾಯಿಯಲ್ಲಿ ‘ಕಸ’ ಎಂದು ಬರೆದರು. ಹಾಗಾದರೆ ನಕ್ಷೆಗೆ ತಿರುವು ಸಿಗುವುದಿಲ್ಲ. ಅದೇ ಫೋಲ್ಡರಿನಲ್ಲಿ ಪಕ್ಕಕ್ಕೆ ಬಿದ್ದಿರುವ ಹಳೆಯ ನೆಟ್ಟನೆಯ ಗೆರೆಯನ್ನು ಅದು ಎತ್ತಿಕೊಳ್ಳುತ್ತದೆ. ಶುಕ್ರವಾರ ಒಂದೂವರೆಗೆ ಗುರುಬಸವ್ವನ ಗಿರಣಿ ರಸ್ತೆಯಾಗುತ್ತದೆ.

ಸುದ್ದಿ ಕಚೇರಿಯಿಂದ ಹೊರಬೀಳಲು ಒಂದು ಚಹಾದ ಹೊತ್ತು ಹಿಡಿಯಿತು. ಗುರುಬಸವ್ವ ಬಂದಳು. ಐವತ್ತರ ಆಚೆಯ ಹೆಂಗಸು. ಹುಬ್ಬು, ರೆಪ್ಪೆ, ಕಿವಿಯ ಅಂಚು ಎಲ್ಲ ಹಿಟ್ಟಿನಿಂದ ಬಿಳಿ. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷಗಳಿಂದ ಒಬ್ಬಳೇ ಗಿರಣಿ ನಡೆಸುತ್ತಾಳೆ. ಬೀಸುವ ಕಲ್ಲು ಸವೆದರೆ ತಾನೇ ಉಳಿ ಸುತ್ತಿಗೆ ಹಿಡಿದು ಹಲ್ಲು ಕೊರೆಯುತ್ತಾಳೆ.

“ಯಾಂವ ಇಲ್ಲಿ ಗೆರಿ ಅಳಸಾಂವ?”

“ಅಳಸೂದು ಶುಕ್ರವಾರ ಐತ್ರಿ. ಈಗ ಬರೇ ಪಟ್ಟಿ ಮಾಡಾಕತ್ತೀವಿ” ಎಂದೆ, ಅದು ಸಮಾಧಾನದ ಮಾತೆಂಬಂತೆ.

“ನನ್ನ ಗಿರಣಿ ಆ ನಿಮ್ಮ ಡಬ್ಬಿಯಾಗ ಎಲ್ಲೈತಿ? ತೋರಸ್ರಿ.”

ತೆರೆದು ತೋರಿಸಿದೆ. ಕಪ್ಪು ಪರದೆಯ ಮೇಲೆ ಹಳದಿ ಗೆರೆಯೊಂದು ನೆಟ್ಟಗೆ ಬಂದು, ಒಂದು ಕಡೆ ಸೊಂಟ ತಿರುಗಿಸಿ, ಮತ್ತೆ ನೆಟ್ಟಗೆ ಹೋಗಿತ್ತು.

“ಗಿರಣಿ ಎಲ್ಲಿ?”

“ಗಿರಣಿ ರಸ್ತಾ ಅಲ್ಲಲ್ರಿ, ಹಿಂಗಾಗಿ ಬರಿಯಂಗಿಲ್ಲ. ಗೆರಿ ಬಳಸಿ ಹೋಗೇತಲ್ರಿ, ಆ ಖಾಲಿ ಜಾಗಾನ ನಿಮ್ಮ ಗಿರಣಿ.”

ಅವಳು ಆ ಖಾಲಿ ಜಾಗದ ಮೇಲೆ ಹಿಟ್ಟಿನ ಬೆರಳಿಟ್ಟಳು.

“ಊರಿಗೆ ಊರ ನನ್ನ ಹಿಟ್ಟು ತಿಂದೈತಿ. ಅದರ ಗುರ್ತು ಒಂದು ಡೊಂಕು?”

“ಅಷ್ಟ ರಿ.”

“ಮತ್ತ ಆ ಡೊಂಕರ ಬಿಡ್ರಿ.”

ಬಿಡುವ ಅಧಿಕಾರ ನನ್ನದಲ್ಲವೆಂದು ಹೇಳಿ, ಹತ್ತೊಂಬತ್ತು ವರ್ಷಗಳಲ್ಲಿ ನಾನು ನಿಪುಣನಾಗಿರುವ ಏಕೈಕ ಕೆಲಸವನ್ನು ಮಾಡಿದೆ. ಅವಳನ್ನು ಮೇಲಿನವರ ಕೋಣೆಗೆ ಕಳಿಸಿದೆ. ನದಾಫರೂ ನಾನೂ ಹಿಂದೆಯೇ ಹೋದೆವು.

ಸಾಲಿಮಠರು ಎದ್ದು ನಿಂತು ಕುರ್ಚಿ ತೋರಿಸಿದರು. ಹಿಟ್ಟು ಬೀಳುತ್ತದೆಂದು ಗುರುಬಸವ್ವ ಕೂರಲಿಲ್ಲ.

“ಅಮ್ಮಾ, ಇದರಲ್ಲಿ ವೈಯಕ್ತಿಕವಾದದ್ದು ಏನೂ ಇಲ್ಲ. ಫೈಲಿಗೆ ಸರಿಯಾದ ಹೆಸರಿಲ್ಲ.”

“ಹೆಸರ ನಾ ಇಡ್ತೀನಿ. ತೊಟ್ಲಾಗ ಹಾಕ್ರಿ.”

“ಹೆಸರು ಆರು ಭಾಗದಲ್ಲಿರಬೇಕು.”

“ನನ್ನ ಮಗಂದು ಒಂದ ಭಾಗದಾಗೈತಿ, ಕರದ್ರ ಓ ಅನ್ನಂಗಿಲ್ಲ. ಆರು ಇಟ್ರ ಬರ್ತೈತೇನ್ರಿ ಅದು?”

ಸಾಲಿಮಠರಿಗೆ ನಗು ಬಂದದ್ದನ್ನು ನಾನು ನೋಡಿದೆ. ಅದಕ್ಕೆ ಸರಿಯಾದ ಖಾನೆ ಸಿಗದೆ ಅವರು ವಾಪಸು ಇಟ್ಟುಕೊಂಡರು. “ಯಂತ್ರವನ್ನು ಬೇರೆ ಕಡೆ ಹೂಡಬಹುದಲ್ಲ?”

“ಹೂಡ್ತೀನಿ. ನಾಡದ ಅಲ್ಲೂ ನಿಮ್ಮ ಗೆರಿ ಬರ್ತೈತಿ. ದರ್ಜಿ ಮಿಷನ್ನಿಗೆ ಗಾಲಿ ಹಚ್ಯಾನ, ಖರೆ. ನನ್ನ ಕಲ್ಲಿಗೆ ಗಾಲಿ ಹಚ್ಚಿದ್ರ ಅದು ಜ್ವಾಳ ಬೀಸೂದುಲ್ಲ ಸಾಹೇಬ್ರ, ಮಂದೀನ ಬೀಸ್ತೈತಿ.”

ಕೊನೆಗೆ ಸಾಲಿಮಠರು ಉದಾರವಾದರು. ಶುಕ್ರವಾರದೊಳಗೆ ಫೈಲಿಗೆ ನಿಯಮದಂತೆ ಹೆಸರಿಟ್ಟರೆ ಅದು ಉಳಿಯಬಹುದು ಎಂದರು. ಗುರುಬಸವ್ವ ನಮ್ಮಿಬ್ಬರನ್ನೂ ನೋಡಿ, “ಇಡ್ರಿ ಮತ್ತ, ಏನ್ ಮುಹೂರ್ತ ಬೇಕೇನು?” ಎಂದು ಹೋದಳು. ನದಾಫರ ಮುಖ ಮಾತ್ರ ಇಳಿದೇ ಇತ್ತು.

“ಹೆಸರ ಬದಲ ಮಾಡೂದು ಒಂದ ಕ್ಷಣದ್ದು, ಹೊಂಬಳ್ರ. ಮುಂದಿಂದ ಕೇಳ್ರಿ. ನಕ್ಷಾದಾಗ ಗೆರಿ ಇರೂದುಲ್ಲ. ಗೆರಿ ಇಂಥಾ ಫೋಲ್ಡರಿನಾಗ ಇಂಥಾ ಹೆಸರಿನ ಫೈಲಿನಾಗೈತಿ, ಅಲ್ಲಿಂದ ತಗೋ ಅಂತ ಒಂದ ಚೀಟಿ ಇರ್ತೈತಿ. ಸೊಸಿ ಡಬ್ಬಿ ಜಾಗಾ ಬದಲ ಮಾಡಿದ್ರ ಅತ್ತಿಗೆ ಉಪ್ಪು ಸಿಗಂಗಿಲ್ಲ ನೋಡ್ರಿ, ಹಂಗ. ಉಪ್ಪು ಮನ್ಯಾಗ ಇರ್ತೈತಿ. ಸಾರು ಸಪ್ಪಗಿರ್ತೈತಿ.”

‘ಸುಮ್ನೆ’ಗೆ ಚೀಟಿ ಬರೆದುಕೊಂಡಿದ್ದ ನಕ್ಷೆಯ ಹಾಳೆಗಳು ಇನ್ನೂರ ಹದಿನಾಲ್ಕು. ಮಂಗಳವಾರದಿಂದ ಗುರುವಾರ ಮಧ್ಯಾಹ್ನದ ತನಕ ನಾವಿಬ್ಬರೂ ಒಂದೊಂದೇ ಹಾಳೆ ತೆರೆದು, ಹಳೆಯ ಚೀಟಿ ಕಿತ್ತು, ಹೊಸದನ್ನು ಅಂಟಿಸಿದೆವು. ಹೊಸ ಹೆಸರಿನಲ್ಲಿ ಉದ್ದೇಶ ಎಂಬಲ್ಲಿ ನದಾಫರು ‘ಹಿಟ್ಟು’ ಎಂದು ಬರೆದಿದ್ದರು. ಸಾಲಿಮಠರು ಅದನ್ನು ‘ಸಾರ್ವಜನಿಕ ಹಿತ’ ಎಂದು ತಿದ್ದಿದರು. ಆದೇಶ ಎಂಬಲ್ಲಿ ಹನ್ನೊಂದು ವರ್ಷದ ಹಿಂದಿನ ಸಾಹೇಬರ ಹೆಸರು ಹಾಕಿದೆವು. ಅವರು ತೀರಿಕೊಂಡಿದ್ದರಿಂದ ಅಡ್ಡಿಯಿರಲಿಲ್ಲ.

ಗುರುವಾರ ಮೂರಕ್ಕೆ ಕೆಲಸ ಮುಗಿಯಿತು. ಮೂರೂಕಾಲಿಗೆ ಕಂಪ್ಯೂಟರು ಕೆಂಪು ದೀಪ ತೋರಿಸಿತು. ಸರಿಯಾದ ಹೆಸರಿರುವ ಪ್ರತಿ ತಿರುವನ್ನೂ ಅದು ತಾನಾಗಿಯೇ ಅಳೆದು ನೋಡುತ್ತದಂತೆ. ಇಂಥ ರಸ್ತೆಯಲ್ಲಿ ತಿರುವಿನ ತ್ರಿಜ್ಯ ಅರವತ್ತು ಮೀಟರಾದರೂ ಇರಬೇಕು. ನದಾಫರ ಜೋಳದ ತಿರುವಿಗೆ ಇದ್ದದ್ದು ಹದಿನಾಲ್ಕು. ಹನ್ನೊಂದು ವರ್ಷ ಅದಕ್ಕೆ ಹೆಸರಿರಲಿಲ್ಲ, ಹಾಗಾಗಿ ತಪ್ಪೂ ಇರಲಿಲ್ಲ. ನಾವು ಅದನ್ನು ನಿಯಮಕ್ಕೆ ಪರಿಚಯ ಮಾಡಿಸಿದೆವು, ನಿಯಮ ಅದರ ಕತ್ತು ಹಿಡಿಯಿತು.

ಸಾಲಿಮಠರು ನಿಜಕ್ಕೂ ಬೇಜಾರು ಮಾಡಿಕೊಂಡರು. “ನೋಡಿ, ನಾನು ಎಲ್ಲ ಪ್ರಯತ್ನ ಮಾಡಿದೆ” ಎಂದರು, ಮಾಡಿದವರಿಗೆ. “ನಾಳೆ ನೆಟ್ಟನೆಯ ಗೆರೆಯನ್ನೇ ಚಾಲ್ತಿಗೆ ಹಾಕಿ. ಹೆಸರು ಮಾತ್ರ ಆರೂ ಭಾಗ ಸರಿಯಾಗಿರಲಿ.”

ಅಂದು ಸಂಜೆ ಗಿರಣಿಗೆ ನಾನೇ ಹೋದೆ. ಸುದ್ದಿ ಹೇಳುವುದಕ್ಕೆ ಎಂದುಕೊಂಡಿದ್ದೆ, ಆದರೆ ಅದು ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಪಾಳಿ ಬಾಗಿಲಿನಿಂದ ಹೊರಗೆ ಬೇವಿನ ಮರದ ತನಕ ನಿಂತಿತ್ತು. ಗುರುಬಸವ್ವ ಯಂತ್ರದ ಸದ್ದಿನ ಮೇಲೆ ಕೂಗುತ್ತಿದ್ದಳು: “ನಾಳೆ ಒಂದರೊಳಗ ಡಬ್ಬಿ ಒಯ್ರಿ! ಆಮ್ಯಾಲೆ ನನ್ನ ಕೇಳಬ್ಯಾಡ್ರಿ, ನಿಮ್ಮ ಹಿಟ್ಟಿನ ಮ್ಯಾಲೆ ಬಸ್ಸು ಹೋಗಿರ್ತೈತಿ!” ಸಾಲಿನಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ. ನನ್ನನ್ನು ಕಂಡು, ಪಾಳಿ ಮೀರಿಸಿ, ಮೂಲೆಯಲ್ಲಿದ್ದ ನನ್ನ ಮನೆಯ ಡಬ್ಬಿಯನ್ನು ತಂದು ಕೈಗಿಟ್ಟಳು.

“ನಿಮ್ದು ಮೊದಲ ಬೀಸೀನಿ. ನಾಳೆ ನಿಮಗ ಕೆಲಸ ಐತಲ್ರಿ.”

ಚುಚ್ಚಿದ್ದೋ, ನಿಜವಾಗಿ ಹೇಳಿದ್ದೋ ತಿಳಿಯಲಿಲ್ಲ. ಡಬ್ಬಿ ಬಿಸಿಯಾಗಿತ್ತು. ಎದೆಗೆ ಅವಚಿಕೊಂಡು ಮನೆ ತನಕ ನಡೆದೆ. ಕೈ ಬದಲಿಸಿದೆನೇ ಹೊರತು ಕೆಳಗಿಡಲಿಲ್ಲ.

ಶುಕ್ರವಾರ ಹನ್ನೆರಡಕ್ಕೆ ಸೂಪರಿಂಟೆಂಡಿಂಗ್ ಇಂಜಿನಿಯರ್ ಸಾಹೇಬರ ಜೀಪು ಬಂತು. ಹಾರ, ಶಾಲು, ಅವಲಕ್ಕಿ ಆದವು. ನದಾಫರು ಆದೇಶದಂತೆ ನೆಟ್ಟನೆಯ ಗೆರೆಯನ್ನು ಅದೇ ಹೊಸ ಹೆಸರಿನಲ್ಲಿ ಚಾಲ್ತಿಗೆ ಹಾಕಿ, ತಿರುವನ್ನು ಕಸಕ್ಕೆ ಸರಿಸಿದ್ದರು. ಒಂದು ಇಪ್ಪತ್ತಕ್ಕೆ ಸೈರನ್ ಕೂಗಿತು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಸಾಲಿಮಠರು ತಮ್ಮ ಫೋಲ್ಡರುಗಳನ್ನು ಪ್ರದರ್ಶಿಸಿದರು. ನಿಜವಾಗಿಯೂ ಚೆಲುವಾಗಿತ್ತು. ಇಸ್ತ್ರಿ ಮಾಡಿದ ಬಟ್ಟೆಗಳ ಬೀರುವಿನಂತಿತ್ತು. ಸಾಹೇಬರು ತಲೆದೂಗುತ್ತ ಬಂದು ಒಂದು ಕಡೆ ನಿಲ್ಲಿಸಿದರು.

“ಏನ್ರೀ ಇದು, ಕಸ ಮೇಲಿದೆ, ಚಾಲ್ತಿ ಕೆಳಗಿದೆ?”

ಅಕ್ಷರಗಳ ಕ್ರಮದಲ್ಲಿ ‘ಕಸ’ ಮೊದಲು ಬರುತ್ತದೆ. ಅದಕ್ಕೆ ಯಾರೂ ಹೊಣೆಯಲ್ಲ. ಆದರೆ ಸಾಲಿಮಠರ ಕಿವಿ ಕೆಂಪಾಯಿತು. “ಈಗಲೇ ಸರಿಮಾಡುತ್ತೇನೆ ಸರ್. ಚಾಲ್ತಿಯ ಮುಂದೆ ಸೊನ್ನೆ ಒಂದು ಎಂದು ಹಾಕಿದರೆ ಮೇಲಕ್ಕೆ ಬರುತ್ತದೆ.”

“ಸರ, ಆ ಫೋಲ್ಡರ್…” ಎಂದು ನದಾಫರು ಬಾಯಿ ತೆರೆದರು.

“ನದಾಫ್, ನಿಮ್ಮ ಅಭಿಪ್ರಾಯಕ್ಕೆ ನೋಟಿಸಿನ ಉತ್ತರದಲ್ಲಿ ಜಾಗವಿದೆ.” ನನ್ನ ಕಡೆ ತಿರುಗಿದರು. “ಹೊಂಬಳ, ಫೋಲ್ಡರಿನ ಹೆಸರು ಬದಲಿಸಬಾರದು ಎಂದು ಸುತ್ತೋಲೆಯಲ್ಲಿ ಎಲ್ಲಾದರೂ ಇದೆಯೇ?”

ಗಡಿಯಾರದಲ್ಲಿ ಒಂದು ಇಪ್ಪತ್ತಾರು. ಇನ್ನೂರ ಹದಿನಾಲ್ಕು ಚೀಟಿಗಳ ಮೇಲೂ ‘ಚಾಲ್ತಿ’ ಎಂದೇ ಬರೆದಿತ್ತು. ಅರ್ಧದಷ್ಟನ್ನು ನಾನೇ ಅಂಟಿಸಿದ್ದೆ. ಊರಿನ ಬೇರೆ ಎಲ್ಲ ಬೀದಿಗಳ ಚೀಟಿಗಳ ಮೇಲೂ ಅದೇ. ನದಾಫರು ನನ್ನನ್ನೇ ನೋಡುತ್ತಿದ್ದರು. ಸುತ್ತೋಲೆಯನ್ನು ಬೆರಳಚ್ಚು ಮಾಡಿದವನು ನಾನು, ಅದರ ಒಂದೊಂದು ಅಲ್ಪವಿರಾಮವೂ ನನಗೆ ಬಾಯಿಪಾಠ.

“ಇಲ್ಲ ಸರ್, ಎಲ್ಲೂ ಇಲ್ಲ” ಎಂದೆ. “ಕ್ರಮಸಂಖ್ಯೆ ಹಾಕಿದರೆ ಉತ್ತಮ ಎಂದೇ ಇದೆ.”

ಸೇವೆಗೆ ಸೇರಿದಂದಿನಿಂದ ಮೇಲಧಿಕಾರಿಗಳಿಗೆ ನಾನು ಹೇಳಿದ ಮಾತುಗಳಲ್ಲಿ ಇಷ್ಟು ಸಂಪೂರ್ಣವಾಗಿ ನಿಜವಾದದ್ದು ಇನ್ನೊಂದಿಲ್ಲ. ನದಾಫರು ನಿಧಾನವಾಗಿ ಬಾಯಿ ಮುಚ್ಚಿದರು.

ಸಾಲಿಮಠರು ಸೊನ್ನೆ ಒತ್ತಿದರು, ಒಂದು ಒತ್ತಿದರು. ಚಾಲ್ತಿ ಮೇಲಕ್ಕೆ ಹಾರಿ ಕುಳಿತಿತು. ಸಾಹೇಬರು ಚಪ್ಪಾಳೆ ತಟ್ಟಿ, ‘ಈ ಹೆಸರುಗಳೇ ಅಂತಿಮ, ಕೇಂದ್ರ ಕಚೇರಿಯ ಲಿಖಿತ ಅನುಮತಿಯಿಲ್ಲದೆ ಒಂದಕ್ಷರವೂ ಬದಲಾಗತಕ್ಕದ್ದಲ್ಲ’ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ಶಾಯಿ ಆರುವಷ್ಟರಲ್ಲಿ ಒಂದೂವರೆಯಾಯಿತು.

‘ಚಾಲ್ತಿ’ ಎಂಬ ಹೆಸರಿನ ಫೋಲ್ಡರು ಯಾವ ಚೀಟಿಗೂ ಸಿಗಲಿಲ್ಲ, ರಸ್ತೆಗಳು ಹೋದವು. ಸದ್ದೇನೂ ಆಗಲಿಲ್ಲ. ಕಿಟಕಿಯಲ್ಲಿ ನೋಡಿದರೆ ಡಾಂಬರಿದ್ದಲ್ಲೆಲ್ಲ ಮಣ್ಣು, ಗರಿಕೆ, ಅಲ್ಲಲ್ಲಿ ಉತ್ತರಾಣಿ. ನೆಟ್ಟನೆಯದೂ ಇಲ್ಲ, ಡೊಂಕಿನದೂ ಇಲ್ಲ. ಸಾಹೇಬರ ಜೀಪು ಮೊಣಕಾಲುದ್ದ ಹುಲ್ಲಿನಲ್ಲಿ ಮೇಯಲು ಬಿಟ್ಟ ಎಮ್ಮೆಯಂತೆ ನಿಂತಿತ್ತು.

“ಸಾಲಿಮಠ, ರಸ್ತೆ ಎಲ್ರೀ?”

ಸಾಲಿಮಠರು ಪರದೆಯನ್ನೊಮ್ಮೆ ಪರೀಕ್ಷಿಸಿದರು. “ಫೈಲುಗಳೆಲ್ಲ ಭದ್ರವಾಗಿವೆ ಸರ್” ಎಂದರು.

ಸೊನ್ನೆ ಒಂದನ್ನು ಅಳಿಸಿದರೆ ರಸ್ತೆಗಳು ಮರಳುತ್ತವೆ ಎಂದು ನದಾಫರು ನೋಟಿಸಿನ ಉತ್ತರದಲ್ಲಿ, ಅಭಿಪ್ರಾಯಕ್ಕೆಂದು ಬಿಟ್ಟ ಜಾಗದಲ್ಲೇ, ಬರೆದುಕೊಟ್ಟಿದ್ದಾರೆ. ಅನುಮತಿ ಕೋರಿ ಕೇಂದ್ರ ಕಚೇರಿಗೆ ಪತ್ರ ಹೋಗಿದೆ. ಸ್ಥಳ ಪರಿಶೀಲನೆಯ ನಂತರ ತೀರ್ಮಾನಿಸಲಾಗುವುದು ಎಂದು ಉತ್ತರ ಬಂದಿದೆ. ಪರಿಶೀಲನೆಗೆ ಹೊರಟ ಅಧಿಕಾರಿಗಳು ರಸ್ತೆಯಿಲ್ಲದ್ದರಿಂದ ಎರಡು ಸಲ ಅರ್ಧದಿಂದ ಹಿಂದಿರುಗಿದ್ದಾರೆ. ಬಸ್ಸಿನವರು, ಟಂಟಂ ಆಟೋ ಓಡಿಸುವವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅವರು ಹಾಗೆ ಮಾಡುವುದು ಸರಿಯೇ. ಉಳಿದವರು ಹೊಂದಿಕೊಂಡಿದ್ದಾರೆ, ನಡೆಯುತ್ತಾರೆ. ಸಾಲಿಮಠರಿಗೆ ಬಡ್ತಿಯಾಗಿ, ಫೈಲು ಜೋಡಿಸುವುದನ್ನು ಇಡೀ ರಾಜ್ಯದ ಇಂಜಿನಿಯರುಗಳಿಗೆ ಕಲಿಸಲು ಅವರನ್ನು ಕೇಂದ್ರ ಕಚೇರಿಯವರು ಕರೆಸಿಕೊಂಡಿದ್ದಾರೆ.

ಮಾದರಿ ಕಚೇರಿಯ ಪ್ರಶಸ್ತಿ ಫಲಕ ನಮ್ಮ ಗೋಡೆಯ ಮೇಲಿದೆ. ಊರಿನಲ್ಲಿ ರಸ್ತೆಗಳಿಲ್ಲ. ಗುರುಬಸವ್ವನ ಗಿರಣಿ ಬೆಳಿಗ್ಗೆ ಏಳಕ್ಕೆ ಶುರುವಾಗುತ್ತದೆ.